ಕಾಂಟೆಸಾ ಎಷ್ಟು ಎತ್ತರ ಇರಬೇಕು?

ಹೈದರಾಬಾದಿನಲ್ಲಿ ಹಳೇ ಕಾರು ಹುಡುಕೋವಾಗ ಒಂದು ಗಾಡಿ ಆಗಾಗ ಕಣ್ಣಿಗೆ ಬೀಳುತ್ತೆ: ನೆಲಕ್ಕೆ ತಾಗುವಷ್ಟು ಇಳಿಸಿ, ಅಗಲದ ಟೈರು ಹಾಕಿರೋ ಹಿಂದೂಸ್ತಾನ್ ಕಾಂಟೆಸಾ. "ಇಂಡಿಯನ್ ಮಸಲ್ ಕಾರ್" ಅಂತ ಮಾರ್ತಾರೆ. ಅಡ್ವಾನ್ಸ್ ಕೊಡೋ ಮುಂಚೆ ಕಾರಿನ ಎತ್ತರದ ಚರಿತ್ರೆ ಸ್ವಲ್ಪ ನೋಡೋಣ.

ಕಾರನ್ನು ಬೇಕಾದ ಎತ್ತರಕ್ಕೆ ಮಾಡಿಸಿಕೊಳ್ಳೋದು ಈ ಊರಿಗೆ ಹೊಸದಲ್ಲ. ಚೌಮಹಲ್ಲಾ ಅರಮನೆಯಲ್ಲಿ 1912ರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆರ್ಡರ್ ಮಾಡಿದ್ದು. ಕಾರು ಬರೋ ಮುಂಚೆಯೇ, 1911ರಲ್ಲಿ, ಅವರು ತೀರಿಕೊಂಡರು. ಹಿಂದಿನ ಆಸನ ಸಿಂಹಾಸನದಂತೆ ಎತ್ತರ. ದೊರೆ ಎಲ್ಲರ ಕಣ್ಣಿಗೂ ಕಾಣಬೇಕಿತ್ತು. ಅಂದು ಎತ್ತರ ಅಂದ್ರೆ ಅಧಿಕಾರ.

ತಗ್ಗಿನ ಮೋಹ ಬೇರೆ ಕಡೆಯದು. 1964ರ ಪಾಂಟಿಯಾಕ್ ಜಿಟಿಒದಲ್ಲಿ 6.4 ಲೀಟರಿನ ವಿ8 ಎಂಜಿನ್ ಇತ್ತು. ವೇಗದಲ್ಲಿ ತಿರುಗೋವಾಗ ಗಾಡಿಯ ಭಾರ ನೆಲಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು. ಅಲ್ಲಿ ತಗ್ಗಿಗೆ ಕಾರಣ ಇತ್ತು. ನಮ್ಮ ಕಾಂಟೆಸಾ ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್‌ನ ರೂಪ. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ 1984ರಲ್ಲಿ ಮಾರುಕಟ್ಟೆಗೆ ಬಂತು. ಉದ್ದ ಬಾನೆಟ್ಟಿನ ಒಳಗೆ ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಶಕ್ತಿ ಸುಮಾರು 50 ಅಶ್ವಶಕ್ತಿ. ಆಮೇಲೆ 1.8 ಲೀಟರಿನ ಇಸುಜು ಎಂಜಿನ್ ಬಂದ ಮೇಲೆ ಗಾಡಿಗೆ ಜೀವ ಬಂತು. 2002ಕ್ಕೆ ಉತ್ಪಾದನೆ ನಿಂತಿತು. ಅಂದ್ರೆ ಇದು ಓಟದ ಕಾರಲ್ಲ. ಅಧಿಕಾರಿಗಳೂ ಅನುಕೂಲಸ್ಥರೂ ಹಿಂದಿನ ಸೀಟಲ್ಲಿ ಆರಾಮಾಗಿ ಕೂತು, ನಮ್ಮ ಗುಂಡಿ ರಸ್ತೆಯಲ್ಲಿ ಹೋಗ್ತಿದ್ದ ಕಾರು. ಆ ಎತ್ತರದಲ್ಲಿ ಆ ಕಾಲದ ರಸ್ತೆಯ ಕಥೆ ಇದೆ.

ಈಗ ಇಳಿಸೋ ವಿಷಯ. ಅಗ್ಗದ ದಾರಿ ಅಂದ್ರೆ ಮುಂದಿನ ಕಾಯಿಲ್ ಸ್ಪ್ರಿಂಗನ್ನು ಕತ್ತರಿಸೋದು. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಗಾಡಿ ತಗ್ಗುತ್ತೆ, ಆದ್ರೆ ಸ್ಪ್ರಿಂಗ್ ಸುಮಾರು ಶೇ. 14ರಷ್ಟು ಗಟ್ಟಿಯಾಗುತ್ತೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಲೆಕ್ಕದ್ದೇ. ಹಂಪ್ ಬಂದಾಗ ಸಸ್ಪೆನ್ಷನ್‌ಗೆ ಮೇಲೆ ಹೋಗೋಕೆ ಜಾಗ ಇರಲ್ಲ, ಏಟು ಸೀದಾ ಬಾಡಿಗೆ. ಚಕ್ರದ ಕೋನವೂ ಬದಲಾಗಿ ಟೈರು ಒಂದೇ ಬದಿ ಸವೆಯುತ್ತೆ.

ಕಾಗದದ ಕಡೆಯೂ ನೋಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಇವತ್ತು ಎಲ್ಲ ಕಾಂಟೆಸಾಗಳೂ ಆ ಸಾಲಿನಲ್ಲೇ ಇವೆ. ತಯಾರಕರ ಮೂಲ ವಿನ್ಯಾಸದಿಂದ ದೂರ ಹೋಗುವಂತೆ ವಾಹನ ಮಾರ್ಪಡಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ಮೊದಲ ಕಾಂಟೆಸಾಗಳು 2034ಕ್ಕೆ ಆ ವಯಸ್ಸಿಗೆ ಬರ್ತವೆ. ಚಾಸಿ ಕೊಯ್ದರೆ ಆ ಬಾಗಿಲು ಮುಚ್ಚಿದಂತೆ.

ನನ್ನ ಸಲಹೆ ಇಷ್ಟೇ. ಆರ್‌ಸಿಯಲ್ಲಿರೋ ಎಂಜಿನ್, ಚಾಸಿ ನಂಬರನ್ನು ಗಾಡಿಯ ಮೇಲಿರೋದಕ್ಕೆ ಹೋಲಿಸಿ. ಕರ್ನಾಟಕದ ಗಾಡಿಯಾದ್ರೆ ಎನ್‌ಒಸಿ ಕೇಳಿ. ಜಾಕ್ ಮೇಲೆ ಎತ್ತಿಸಿ ಸ್ಪ್ರಿಂಗಿನ ತುದಿ ನೋಡಿ: ಕೊಯ್ದ ಗುರುತು ಇದ್ರೆ ಸರಿಯಾದ ಸ್ಪ್ರಿಂಗಿನ ಖರ್ಚು ಬೆಲೆಯಲ್ಲಿ ಕಳೀರಿ. ಆಮೇಲೆ ಗಾಡಿಯನ್ನು ಅದರ ಎತ್ತರಕ್ಕೆ ತನ್ನಿ. ಇಳಿಸೋಕೆ ಯಾರಾದ್ರೂ ಸಿಗ್ತಾರೆ. ಮೂಲ ಎತ್ತರದಲ್ಲಿ ನಿಂತಿರೋ ಕಾಂಟೆಸಾ ಸಿಗೋದೇ ಅಪರೂಪ.