ಒಂದೇ ಕಡತದ ಎರಡು ಪ್ರತಿ: ಪತ್ತೆಗೂ ಅಳಿಸುವಿಕೆಗೂ ನಡುವಿನ ಅಂತರ

ಕಂಪ್ಯೂಟರಿನಲ್ಲಿ ಒಂದೇ ಕಡತ ಹಲವು ಕಡೆ ಬಿದ್ದಿರುವುದು ಬಳಕೆದಾರರ ಅಶಿಸ್ತಿನ ಫಲ ಎಂಬ ನಂಬಿಕೆ ಸಾಮಾನ್ಯ. ಅಳತೆ ಮಾಡಿ ನೋಡಿದವರಿಗೆ ಕಂಡದ್ದು ಬೇರೆ. ಮೈಕ್ರೋಸಾಫ್ಟ್ ರಿಸರ್ಚಿನ ಫಾರ್‌ಸೈಟ್ ಯೋಜನೆಯ ಸಂಶೋಧಕರು ಐನೂರಕ್ಕೂ ಹೆಚ್ಚು ಕಚೇರಿ ಕಂಪ್ಯೂಟರುಗಳನ್ನು ಒಟ್ಟಾಗಿ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಳಕೆಯಾದ ಜಾಗದಲ್ಲಿ ಸುಮಾರು ಅರ್ಧವನ್ನು ನಕಲು ಕಡತಗಳೇ ಹಿಡಿದಿದ್ದವು. ಒಂದೇ ತಂತ್ರಾಂಶ ಪ್ರತಿ ಯಂತ್ರದಲ್ಲೂ ಕೂತಿರುವಾಗ ಇದು ಸಹಜವೇ. ಸಂಶೋಧಕರಾದ ಮೇಯರ್ ಮತ್ತು ಬೊಲೊಸ್ಕಿ 857 ಯಂತ್ರಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಡತಗಳನ್ನು ತುಂಡು ತುಂಡು ಮಾಡಿ ಹೋಲಿಸುವ ಅತಿ ಸೂಕ್ಷ್ಮ ವಿಧಾನದಿಂದ ಎಷ್ಟು ಜಾಗ ಉಳಿಯುತ್ತದೋ, ಅದರ ಮುಕ್ಕಾಲು ಪಾಲು ಇಡೀ ಕಡತಗಳನ್ನು ಹೋಲಿಸುವ ಸರಳ ವಿಧಾನದಿಂದಲೇ ಉಳಿಯುತ್ತದೆ ಎಂದು ಅವರು ತೋರಿಸಿದರು.

ಹೀಗಾಗಿ ಪತ್ತೆಯ ತಂತ್ರವನ್ನು ಇನ್ನಷ್ಟು ಚುರುಕುಗೊಳಿಸಿ ಗಳಿಸುವುದು ಹೆಚ್ಚೇನೂ ಉಳಿದಿಲ್ಲ. ಕಷ್ಟದ ಪ್ರಶ್ನೆ ಮುಂದಿನದು: ಎರಡು ಕಡತ ಒಂದೇ ಎಂದು ಗೊತ್ತಾದ ಮಾತ್ರಕ್ಕೆ ಒಂದನ್ನು ಅಳಿಸಬಹುದೇ? ಸಮಾನತೆ ತೀರ್ಮಾನವಾಗುವುದು ಬೈಟುಗಳಲ್ಲಿ. ಒಂದು ಪ್ರತಿ ಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅದು ಇರುವ ಜಾಗ ಮತ್ತು ಅದನ್ನು ನೆಚ್ಚಿಕೊಂಡವರಿಂದ. ಮೊದಲನೆಯದು ತಿಳಿದರೆ ಎರಡನೆಯದು ತಾನಾಗಿ ತಿಳಿಯುವುದಿಲ್ಲ ಎಂಬುದು ಈ ಲೇಖನದ ವಾದ.

ಪತ್ತೆಯ ಕ್ರಮ ಈಗ ಬಹುಮಟ್ಟಿಗೆ ನೆಲೆಗೊಂಡಿದೆ. ಎಫ್‌ಡ್ಯೂಪ್ಸ್‌ನಂಥ ಉಪಕರಣಗಳು ಮೊದಲು ಗಾತ್ರ ನೋಡುತ್ತವೆ. ಗಾತ್ರ ಬೇರೆಯಾದರೆ ಒಳಗಿನದೂ ಬೇರೆಯೇ. ಅದನ್ನು ತಿಳಿಯಲು ಕಡತ ತೆರೆಯುವ ಅಗತ್ಯವೇ ಇಲ್ಲ. ಗಾತ್ರ ಒಂದೇ ಆದವುಗಳಲ್ಲಿ ಮೊದಲ ಒಂದಿಷ್ಟು ಭಾಗದ ಹ್ಯಾಶ್ (ಬೈಟುಗಳಿಂದ ಲೆಕ್ಕಹಾಕಿದ ಚಿಕ್ಕ ಗುರುತು), ಅದೂ ಕೂಡಿದರೆ ಇಡೀ ಕಡತದ ಹ್ಯಾಶ್, ಕೊನೆಗೆ ಬೈಟಿಗೆ ಬೈಟು ಹೋಲಿಕೆ. ಒಂದೇ ಗಾತ್ರದ 1000 ಕಡತಗಳನ್ನು ಜೋಡಿ ಜೋಡಿಯಾಗಿ ಹೋಲಿಸಲು ಹೊರಟರೆ 4,99,500 ಜೋಡಿಗಳಾಗುತ್ತವೆ. ಹ್ಯಾಶ್ ಬಳಸಿದರೆ ಪ್ರತಿ ಕಡತವನ್ನು ಒಮ್ಮೆ ಓದಿದರೆ ಸಾಕು. ಆದರೆ ಗುಂಪಿನಲ್ಲಿ ಎರಡೇ ಕಡತಗಳಿದ್ದರೆ ಹ್ಯಾಶ್ ಬರೀ ದಂಡ. ನೇರ ಹೋಲಿಕೆ ಮೊದಲ ವ್ಯತ್ಯಾಸ ಸಿಕ್ಕಲ್ಲೇ ನಿಲ್ಲುತ್ತದೆ, ಹ್ಯಾಶ್ ಎರಡನ್ನೂ ತುದಿಯವರೆಗೆ ಓದಿಸುತ್ತದೆ.

ಕೊನೆಯ ಬೈಟು ಹೋಲಿಕೆ ಅತಿ ಎಚ್ಚರಿಕೆಯಂತೆ ಕಾಣಬಹುದು. 1992ರಲ್ಲಿ ಪ್ರಕಟವಾದ ಎಂಡಿ5 ಹ್ಯಾಶಿನ ಉದ್ದ 128 ಬಿಟ್. ಆಕಸ್ಮಿಕವಾಗಿ ಎರಡು ಬೇರೆ ಕಡತಗಳಿಗೆ ಒಂದೇ ಎಂಡಿ5 ಬರುವ ಸಾಧ್ಯತೆ ನಗಣ್ಯ. ಬೇಕೆಂದೇ ಹಾಗೆ ಮಾಡುವುದು ಮಾತ್ರ ಬೇರೆ ವಿಷಯ. ವಾಂಗ್ ಶಿಯಾವೊಯುನ್ ಮತ್ತು ಸಂಗಡಿಗರು 2004ರಲ್ಲಿ ಎಂಡಿ5ನ ಘರ್ಷಣೆಗಳನ್ನು ಮುಂದಿಟ್ಟರು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ನೋಟದಲ್ಲೇ ಬೇರೆಯಾದ, ಆದರೆ ಒಂದೇ ಶಾ-1 ಹ್ಯಾಶ್ ಇರುವ ಎರಡು ಪಿಡಿಎಫ್‌ಗಳನ್ನು ಬಿಡುಗಡೆ ಮಾಡಿದರು. ಎರಡರ ಗಾತ್ರವೂ ಒಂದೇ. ಕೆಲವೇ ದಿನಗಳಲ್ಲಿ ವೆಬ್‌ಕಿಟ್ ಯೋಜನೆಯವರು ಪರೀಕ್ಷೆಗೆಂದು ಆ ಎರಡನ್ನೂ ತಮ್ಮ ಕೋಡ್ ಭಂಡಾರಕ್ಕೆ ಸೇರಿಸಿದಾಗ ಭಂಡಾರವೇ ಕೆಟ್ಟು ನಿಂತಿತು. ಅಲ್ಲಿ ಬಳಕೆಯಲ್ಲಿದ್ದ ಸಬ್‌ವರ್ಷನ್ ಎಂಬ ಆವೃತ್ತಿ ನಿರ್ವಹಣಾ ತಂತ್ರಾಂಶ, ಜಾಗ ಉಳಿಸಲು ಶಾ-1 ಒಂದೇ ಆದವನ್ನು ಒಂದೇ ಕಡತವೆಂದು ಎಣಿಸುತ್ತಿತ್ತು. ಎರಡನೆಯದನ್ನು ಕೇಳಿದವರಿಗೆ ಮೊದಲನೆಯದನ್ನು ಕೊಡಹೋಗಿ, ತನ್ನದೇ ಇನ್ನೊಂದು ತಾಳೆಯಲ್ಲಿ ಸಿಕ್ಕಿಬಿತ್ತು. ಅಳಿಸುವ ಮುನ್ನ ಬೈಟುಗಳನ್ನೇ ಹೋಲಿಸುವ ಉಪಕರಣಕ್ಕೆ ಈ ಗತಿ ಬರುವುದಿಲ್ಲ. ಹ್ಯಾಶ್ ಕೂಡಿದೊಡನೆ ಅಳಿಸಲು ಮುಂದಾಗುವ ತಂತ್ರಾಂಶಗಳ ಬಗ್ಗೆ ನನಗೆ ವಿಶ್ವಾಸವಿಲ್ಲ, ಅವು ಎಷ್ಟೇ ಹೊಸ ಹ್ಯಾಶ್ ಬಳಸಲಿ.

ಕನ್ನಡ ಪಠ್ಯಗಳ ಸಂಗ್ರಹದಲ್ಲಿ ಈ ಎಲ್ಲ ಕ್ರಮಗಳೂ ಇನ್ನೊಂದು ದಿಕ್ಕಿನಿಂದ ಸೋಲುತ್ತವೆ. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್ ಎರಡು ಬಗೆಯಲ್ಲಿ ಬರೆಯಲು ಬಿಡುತ್ತದೆ. ಕಕಾರದ ಮುಂದೆ ಓಕಾರದ ಚಿಹ್ನೆಯನ್ನು ಇಡಿಯಾಗಿ ಇಡುವುದು ಒಂದು. ಅದೇ ಚಿಹ್ನೆಯನ್ನು ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿ ಇಡುವುದು ಇನ್ನೊಂದು. ಯೂನಿಕೋಡಿನ ನಿಯಮದಂತೆ ಎರಡೂ ಸಮಾನ, ಪರದೆಯ ಮೇಲೂ ಒಂದೇ. ಆದರೆ ಯುಟಿಎಫ್-8ರಲ್ಲಿ ಮೊದಲನೆಯದು 6 ಬೈಟು, ಎರಡನೆಯದು 12. ಗಾತ್ರದ ಜರಡಿಯಲ್ಲೇ ಅವು ಬೇರ್ಪಟ್ಟು ಹೋಗುತ್ತವೆ, ಹ್ಯಾಶಿನ ತನಕ ಬರುವುದೇ ಇಲ್ಲ. ಹೆಸರುಗಳಿಗೂ ಇದೇ ಪಾಡು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ತಂದಾಗ ಒಂದೇ ಫೋಲ್ಡರಿನಲ್ಲಿ ‘ಕೋಲಾರ’ ಎಂಬ ಹೆಸರಿನ ಎರಡು ಕಡತಗಳು ಅಕ್ಕಪಕ್ಕ ಕೂರಬಲ್ಲವು.

ಯೂನಿಕೋಡ್ ಬಳಸದ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪಠ್ಯವೂ ಅದರ ಯೂನಿಕೋಡ್ ರೂಪವೂ ಒಂದೇ ಫೋಲ್ಡರಿನಲ್ಲಿದ್ದರೆ ತೊಡಕು ಹೆಚ್ಚುತ್ತದೆ. ಹಳೆಯ ವಿನ್ಯಾಸದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು. ಪರಿವರ್ತಕ ಒಂದು ಕಡೆ ಎಡವಿದರೂ ಎರಡು ಪಠ್ಯಗಳು ‘ಬಹುತೇಕ’ ಒಂದಾಗುತ್ತವೆ, ಒಂದೇ ಆಗುವುದಿಲ್ಲ. ಬಹುತೇಕ ಒಂದೇ ಆದವನ್ನು ಗುರುತಿಸುವ ವಿದ್ಯೆಯೂ ಇದೆ: ಪಠ್ಯವನ್ನು ಒಂದರ ಮೇಲೊಂದು ಹಾಯುವ ಪದಗುಚ್ಛಗಳಾಗಿ ಒಡೆದು ಹೋಲಿಸುವ ವಿಧಾನವನ್ನು ಆಂಡ್ರೇ ಬ್ರೋಡರ್ 1997ರಲ್ಲಿ ವಿವರಿಸಿದರು. ಅಂಥ ಹೋಲಿಕೆ ಎರಡು ಪಠ್ಯಗಳನ್ನು ಅಕ್ಕಪಕ್ಕ ಕೂರಿಸಿ ತೋರಿಸಬಲ್ಲದು. ಆ ಹೋಲಿಕೆಯನ್ನೇ ನಂಬಿ ಮೂಲ ನುಡಿ ಕಡತವನ್ನು ಅಳಿಸಿದರೆ, ಪರಿವರ್ತನೆಯ ತಪ್ಪನ್ನು ಮುಂದೆ ತಾಳೆ ನೋಡಲು ಆಧಾರವೇ ಉಳಿಯದು.

ಇನ್ನು ಬೈಟುಗಳೆಲ್ಲ ಕೂಡಿದ ಕಡತಗಳ ಮಾತು. ಶೂನ್ಯ ಗಾತ್ರದ ಕಡತಗಳೆಲ್ಲ ಪರಸ್ಪರ ನಕಲುಗಳೇ. ಆದರೆ ಪೈಥಾನ್ ಭಾಷೆಯಲ್ಲಿ ಫೋಲ್ಡರನ್ನು ಪ್ಯಾಕೇಜ್ ಎಂದು ಸಾರುವ ಇನಿಟ್ ಕಡತ ಎಷ್ಟೋ ಸಲ ಖಾಲಿಯೇ ಇರುತ್ತದೆ. ಅದರ ಅರ್ಥವೆಲ್ಲ ಹೆಸರು ಮತ್ತು ಜಾಗದಲ್ಲಿದೆ. ತಂತ್ರಾಂಶಗಳು ತಂತಮ್ಮ ಫೋಲ್ಡರಿನಲ್ಲಿ ಇಟ್ಟುಕೊಳ್ಳುವ ಲೈಬ್ರರಿ ಕಡತಗಳಿಗೂ ಇದು ಅನ್ವಯಿಸುತ್ತದೆ: ಒಂದನ್ನು ತೆಗೆದರೆ ಆ ತಂತ್ರಾಂಶ ಮೇಲೇಳುವುದಿಲ್ಲ. ಇವೆಲ್ಲಕ್ಕಿಂತ ಅಪಾಯದ್ದು, ಒಂದೇ ಕಡತ ಎರಡು ದಾರಿಗಳಿಂದ ಕಾಣಿಸಿಕೊಳ್ಳುವುದು. ಸಾಂಕೇತಿಕ ಕೊಂಡಿಯ ಮೂಲಕ ಹೊಕ್ಕ ಉಪಕರಣಕ್ಕೆ ಅಲ್ಲಿ ಎರಡು ‘ಪ್ರತಿ’ ಕಾಣುತ್ತವೆ. ಒಂದನ್ನು ಅಳಿಸಿದರೆ ಇದ್ದೊಂದು ಪ್ರತಿಯೂ ಹೋಯಿತು. ಸಾಧನದ ಸಂಖ್ಯೆ ಮತ್ತು ಅದರೊಳಗೆ ಕಡತವನ್ನು ಗುರುತಿಸುವ ಐನೋಡ್ ಸಂಖ್ಯೆ ಎರಡನ್ನೂ ನೋಡುವ ಉಪಕರಣ ಇದನ್ನು ತಪ್ಪಿಸುತ್ತದೆ.

ಅಳಿಸದೆಯೇ ಜಾಗ ಮರಳಿ ಪಡೆಯುವ ದಾರಿ ಇದೆ. ಹಾರ್ಡ್ ಲಿಂಕ್ ಹಳೆಯದು: ಎರಡು ಹೆಸರು, ಒಂದೇ ಒಡಲು, ಒಂದು ಹೆಸರಿನಿಂದ ತಿದ್ದಿದ್ದು ಇನ್ನೊಂದರಲ್ಲೂ ಕಾಣುತ್ತದೆ, ಬಳಕೆದಾರರಿಗೆ ಅದು ಬೇಕಿರುವುದು ಅಪರೂಪ. ಬಿಟಿಆರ್‌ಎಫ್‌ಎಸ್‌ನಂಥ ಕಡತವ್ಯವಸ್ಥೆಗಳಲ್ಲಿ ಎರಡು ಕಡತಗಳು ಬೇರೆಯಾಗಿದ್ದುಕೊಂಡೇ ಡಿಸ್ಕಿನ ಒಂದೇ ಬ್ಲಾಕುಗಳನ್ನು ಹಂಚಿಕೊಳ್ಳುತ್ತವೆ, ತಿದ್ದಿದಾಗ ತಿದ್ದಿದ ಭಾಗ ಮಾತ್ರ ಕವಲೊಡೆಯುತ್ತದೆ. ಲಿನಕ್ಸ್ ಕರ್ನೆಲ್ ಹೀಗೆ ಹಂಚುವ ಮುನ್ನ ಬೈಟುಗಳನ್ನು ತಾನೇ ಹೋಲಿಸಿ ನೋಡುತ್ತದೆ. ಕೇಳಿದ ಉಪಕರಣದ ಹ್ಯಾಶ್ ತಪ್ಪಿದ್ದರೂ, ಹುಡುಕಾಟಕ್ಕೂ ಹಂಚಿಕೆಗೂ ನಡುವೆ ಕಡತ ಬದಲಾಗಿದ್ದರೂ ನಷ್ಟವಿಲ್ಲ. ಹೆಸರು, ದಿನಾಂಕ, ಅನುಮತಿಗಳು ಎರಡಕ್ಕೂ ಪ್ರತ್ಯೇಕವಾಗಿಯೇ ಉಳಿಯುತ್ತವೆ.

ಹಂಚಿಕೆ ಒಂದೇ ಡಿಸ್ಕಿನೊಳಗಿನ ಮಾತು. ಆ ಬ್ಲಾಕು ಕೆಟ್ಟರೆ ಅದನ್ನು ಹಂಚಿಕೊಂಡ ಎಲ್ಲ ಕಡತಗಳೂ ಒಟ್ಟಿಗೆ ಕೆಡುತ್ತವೆ. ಆದರೆ ಡಿಸ್ಕೇ ಸತ್ತಾಗ ಹಂಚಿಕೊಳ್ಳದ ಪ್ರತಿಗಳೂ ಜೊತೆಗೇ ಹೋಗುವುದರಿಂದ, ಅದರೊಳಗಿನ ನಕಲಿನಿಂದ ಸಿಗುತ್ತಿದ್ದ ರಕ್ಷಣೆ ಅಷ್ಟಕ್ಕಷ್ಟೆ. ಬೇರೆ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿ ಇರುವ ಪ್ರತಿಯ ಲೆಕ್ಕವೇ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶುರುವಾದ ಲಾಕ್ಸ್ ಯೋಜನೆಯಲ್ಲಿ ಹಲವು ಗ್ರಂಥಾಲಯಗಳು ಒಂದೇ ವಿದ್ವತ್ ಪತ್ರಿಕೆಯ ಪ್ರತಿಯನ್ನು ಬೇಕೆಂದೇ ಇಟ್ಟುಕೊಂಡು, ಆಗಾಗ ಅವುಗಳ ಹ್ಯಾಶ್‌ಗಳನ್ನು ಪರಸ್ಪರ ಹೋಲಿಸುತ್ತವೆ. ಕೂಡದೆ ಹೋದ ಪ್ರತಿಯನ್ನು ಉಳಿದವುಗಳ ನೆರವಿನಿಂದ ಸರಿಪಡಿಸುತ್ತವೆ. ನಕಲು ಹುಡುಕುವ ಉಪಕರಣಗಳಲ್ಲಿ ಬ್ಯಾಕಪ್ ಡಿಸ್ಕನ್ನು ಮೂಲ ಡಿಸ್ಕಿನ ಜೊತೆ ಒಂದೇ ಹುಡುಕಾಟಕ್ಕೆ ಸೇರಿಸಲು ಬಿಡುವ ಏರ್ಪಾಡು ಸಾಮಾನ್ಯವಾಗಿದೆ. ಬೇರೆ ಸಾಧನ ಸಂಖ್ಯೆಯ ಕಡತಗಳನ್ನು ವರದಿ ಮಾಡಿ, ಅಳಿಸುವ ಪಟ್ಟಿಯಿಂದ ಮಾತ್ರ ಹೊರಗಿಡುವುದನ್ನು ಅವು ಮೂಲ ನಿಯಮವಾಗಿಸಬೇಕು. ಅದಕ್ಕೆ ಬೇಕಾದ ಮಾಹಿತಿ ಗಾತ್ರ ಓದುವಾಗಲೇ ಅವುಗಳ ಕೈಗೆ ಸಿಕ್ಕಿರುತ್ತದೆ.