ಕಾಗೋಡಿನಾಚೆಯ ಸಮಾಜವಾದ

ಕನ್ನಡದ ಸಮಾಜವಾದವನ್ನು ಕುರಿತ ವಿಚಾರಸಂಕಿರಣಗಳು ಈಚೆಗೆ ಒಂದೇ ಜಾಡು ಹಿಡಿದಿವೆ. ಕಾಗೋಡಿನ ರೈತ ಸತ್ಯಾಗ್ರಹದಿಂದ ಹೊರಟು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ನೆನೆದು, ಸಾಹಿತಿಗಳ ಜಗಲಿಯಲ್ಲಿ ಕೂತುಬಿಡುತ್ತವೆ. ರಾಮಮನೋಹರ ಲೋಹಿಯಾ ಎಂದರೆ ಜಾತಿ ಮತ್ತು ಭಾಷೆ, ಅಷ್ಟೆ. ಮೂವತ್ತೈದು ವರ್ಷ ಕಾರ್ಮಿಕ ಸಂಘದ ಕೆಲಸ ಮಾಡಿದ ನನಗೆ ಇದು ಅರ್ಧ ಕಥೆ. ಪಕ್ಷದಲ್ಲಿ, ಸಂಘದಲ್ಲಿ, ಹಳ್ಳಿಯಲ್ಲಿ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆ ಸಮಾಜವಾದಿಗಳನ್ನು ಮೊದಲಿನಿಂದಲೂ ಕಾಡಿತ್ತು.

1934ರಲ್ಲಿ ಕಾಂಗ್ರೆಸ್ಸಿನೊಳಗೇ ಸಮಾಜವಾದಿ ಪಕ್ಷ ಹುಟ್ಟಿತು. ಜಯಪ್ರಕಾಶ ನಾರಾಯಣ, ನರೇಂದ್ರ ದೇವ್, ಲೋಹಿಯಾ ಜೊತೆಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿದ್ದರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ ಬಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಕಾರ್ಮಿಕ ಸಂಘಟನೆಯಾದ ಹಿಂದ್ ಮಜ್ದೂರ್ ಸಭಾ ಸ್ಥಾಪನೆಯಾಯಿತು. ಸಂಘ ಮಾಲೀಕರಿಂದ, ಸರ್ಕಾರದಿಂದ, ಪಕ್ಷದಿಂದಲೂ ಸ್ವತಂತ್ರವಾಗಿರಬೇಕು ಎಂಬುದು ಅದರ ನಿಲುವು. ಪಾಲಿಸುವುದು ಕಷ್ಟವಾಯಿತು, ಆದರೆ ನಿಲುವು ಸರಿಯಾಗಿತ್ತು.

1951ರ ಕಾಗೋಡನ್ನೂ ಸಂಘದ ಕಡೆಯಿಂದಲೇ ನೋಡಬೇಕು. ಗೇಣಿ ಅಳೆಯುವ ಕೊಳಗ ದೊಡ್ಡದು ಎಂದು ಸಾಗರದ ಗೇಣಿದಾರರು ದನಿ ಎತ್ತಿದಾಗ ಅವರ ಬೆನ್ನಿಗೆ ಎಚ್. ಗಣಪತಿಯಪ್ಪನವರ ರೈತ ಸಂಘವಿತ್ತು. ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಆಮೇಲೆ. ಸಂಘ ಮೊದಲು, ನಾಯಕ ನಂತರ. ನಮ್ಮವರು ಈ ಕ್ರಮವನ್ನು ತಿರುಗಿಸಿ ಹೇಳುತ್ತಾರೆ.

ನನಗೆ ಬಹಳ ಮುಖ್ಯವೆನಿಸುವುದು 1954ರ ತಿರುವಾಂಕೂರು-ಕೊಚ್ಚಿ ಪ್ರಕರಣ. ಅಲ್ಲಿ ಪಟ್ಟಂ ತಾಣು ಪಿಳ್ಳೈ ಅವರ ಪ್ರಜಾ ಸಮಾಜವಾದಿ ಪಕ್ಷದ ಸರ್ಕಾರದ ಪೊಲೀಸರು ತಮಿಳು ಪ್ರದೇಶದ ಚಳವಳಿಗಾರರ ಮೇಲೆ ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ತಮ್ಮದೇ ಸರ್ಕಾರದ ರಾಜೀನಾಮೆ ಕೇಳಿದರು. ಪಕ್ಷ ಒಪ್ಪಲಿಲ್ಲ; ಮರುವರ್ಷ ಒಡೆಯಿತು. ಹಠಮಾರಿತನ ಎಂದವರುಂಟು. ಅಧಿಕಾರ ಸಿಕ್ಕ ಮೇಲೂ ಜನರ ಮೇಲೆ ಗುಂಡು ಹಾರಿಸಕೂಡದು ಎಂಬ ಮಾತಿಗೆ ಬೆಲೆ ತೆತ್ತವರು ಈ ದೇಶದಲ್ಲಿ ಇನ್ನೆಷ್ಟು ಮಂದಿ?

ಅಧಿಕಾರಕ್ಕೆ ಹಳ್ಳಿ, ಜಿಲ್ಲೆ, ರಾಜ್ಯ, ಕೇಂದ್ರ ಎಂಬ ನಾಲ್ಕು ಕಂಬಗಳಿರಬೇಕೆಂಬ ಲೋಹಿಯಾರ ಚೌಖಂಬಾ ಕಲ್ಪನೆಗೂ ಕರ್ನಾಟಕದಲ್ಲಿ ಫಲ ಸಿಕ್ಕಿತು. ಪಂಚಾಯಿತಿ ವ್ಯವಸ್ಥೆಯ ಬಗ್ಗೆ ಹಳೆಯ ಸಮಾಜವಾದಿ ಅಶೋಕ ಮೆಹ್ತಾ ಅವರ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾನೂನಿನ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟರು. 1987ರ ಚುನಾವಣೆಯಲ್ಲಿ ಗೆದ್ದು ಬಂದ ಆ ಸದಸ್ಯೆಯರ ಅನುಭವ ಎಷ್ಟು ದಾಖಲಾಗಿದೆ?

ಇನ್ನು ಕಾರ್ಮಿಕ ಸಂಘದ ಕಡೆಗೆ ಬಂದರೆ, ನಮ್ಮ ಪೀಳಿಗೆಯನ್ನು ರೂಪಿಸಿದ್ದು 1974ರ ರೈಲ್ವೆ ಮುಷ್ಕರ. ಮಂಗಳೂರಿನಿಂದ ಮುಂಬಯಿಗೆ ಹೋಗಿ, ಅಲ್ಲಿನ ಬಂದರು, ಪುರಸಭೆ, ಟ್ಯಾಕ್ಸಿ ಕೆಲಸಗಾರರನ್ನು ಸಂಘಟಿಸಿದ್ದ ಜಾರ್ಜ್ ಫರ್ನಾಂಡಿಸ್ ಮೇ 8ರಿಂದ ಇಪ್ಪತ್ತು ದಿನ ದೇಶದ ರೈಲುಗಳನ್ನು ನಿಲ್ಲಿಸಿದರು. ಬೋನಸ್ಸು, ಎಂಟು ಗಂಟೆಯ ದುಡಿಮೆ ಅದರ ಬೇಡಿಕೆ. ಸಾವಿರಾರು ಮಂದಿ ಜೈಲು ಸೇರಿದರು, ಕೆಲಸ ಕಳೆದುಕೊಂಡರು. ಮುಷ್ಕರವನ್ನು ಹತ್ತಿಕ್ಕಿದ ಸರ್ಕಾರ ಮರುವರ್ಷ ತುರ್ತುಪರಿಸ್ಥಿತಿ ಹೇರಿತು. ಆಗ ಬೆಂಗಳೂರು ಜೈಲಿನಲ್ಲಿ ನರಳಿದ ನಟಿ, ಸಮಾಜವಾದಿ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ತೀರಿಕೊಂಡರು. ಮುಷ್ಕರದ ಹಕ್ಕು ಹೋದಲ್ಲಿ ಮತದ ಹಕ್ಕೂ ಉಳಿಯದು ಎಂಬುದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ.

1980-81ರಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಮುಂತಾದ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಬೆಂಗಳೂರಿನ ಚಹರೆ ಬದಲಿಸಿದ ಆ ಘಟನೆಯ ಬಗ್ಗೆ ಕನ್ನಡದಲ್ಲಿ ಒಂದು ಸಮಗ್ರ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾದಂಬರಿಯ ನಾಯಕನಿಗೆ ಮಾದರಿಯಾದ ಗೋಪಾಲಗೌಡರಂಥವರ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಗೇಟ್ ಮೀಟಿಂಗಿನಲ್ಲಿ ಮಾತಾಡಿದವರ ಹೆಸರನ್ನೂ ಉಳಿಸಿಕೊಂಡಿಲ್ಲ.

2016ರ ಏಪ್ರಿಲ್ 18ರಂದು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ಸಂಘವೂ ಅವರನ್ನು ಕರೆದಿರಲಿಲ್ಲ. ಮಾರನೆಯ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರಲ್ಲಿ ಅನೇಕರು ಇಂದಿಗೂ ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ದುಡಿಯುತ್ತಿದ್ದಾರೆ. ಸಂಶೋಧನೆಗೆ ವಿಷಯ ಹುಡುಕುವ ಎಳೆಯರು ಮೊದಲು ಅವರ ಬಳಿಗೆ ಹೋಗಿ, ಕೂತು ಕೇಳಿ, ಬರೆದುಕೊಳ್ಳಲಿ.