ಪ್ಯಾರಾಸಿಟಮಾಲ್ ಅತಿಯಾದರೆ ಏನಾಗುತ್ತದೆ? ಮೊದಲ ದಿನ ಮೈಮರೆಯಬೇಡಿ

ಜ್ವರ ಬಂದರೆ ಪ್ಯಾರಾಸಿಟಮಾಲ್, ತಲೆ ಸಿಡಿದರೆ ಪ್ಯಾರಾಸಿಟಮಾಲ್, ಮೈಕೈ ನೋವಿಗೂ ಅದೇ. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಹೀಗೆ ಹೆಸರು ಯಾವುದೇ ಇರಲಿ, ಒಳಗಿರುವ ಔಷಧಿ ಒಂದೇ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಇದು ಸುರಕ್ಷಿತ ಮಾತ್ರೆ. ಆದರೆ ಅಳತೆ ಮೀರಿದರೆ ಯಕೃತ್ತಿಗೆ ನೇರ ಪೆಟ್ಟು. ಆ ಪೆಟ್ಟು ಬಿದ್ದದ್ದು ಮೊದಲ ದಿನ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಚಿಕಿತ್ಸೆ ಅತಿ ಹೆಚ್ಚು ಫಲ ಕೊಡುವುದೂ ಆ ಮೊದಲ ದಿನದಲ್ಲೇ.

ಯಕೃತ್ತಿಗೆ ಪೆಟ್ಟು ಹೇಗೆ?

ಹೊಟ್ಟೆ ಸೇರಿದ ಪ್ಯಾರಾಸಿಟಮಾಲ್‌ನ ಬಹುಭಾಗವನ್ನು ಯಕೃತ್ತು ನಿರಪಾಯಕಾರಿಯಾಗಿ ಬದಲಾಯಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಸ್ವಲ್ಪ ಭಾಗ ಮಾತ್ರ ವಿಷಕಾರಿ ವಸ್ತುವಾಗುತ್ತದೆ. ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ಅಂಶ ಅದನ್ನು ಕೂಡಲೇ ತಟಸ್ಥಗೊಳಿಸುತ್ತದೆ. ಮಾತ್ರೆಯ ಪ್ರಮಾಣ ಅತಿಯಾದಾಗ ಗ್ಲುಟಾಥಯೋನ್ ದಾಸ್ತಾನು ಖಾಲಿಯಾಗುತ್ತದೆ. ಆಗ ಉಳಿದ ವಿಷ ಯಕೃತ್ತಿನ ಜೀವಕೋಶಗಳನ್ನು ಕೊಲ್ಲಲು ಶುರುಮಾಡುತ್ತದೆ. ಕೆಲವರಲ್ಲಿ ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ.

ಗೊತ್ತಿಲ್ಲದೆಯೂ ಆಗಬಹುದು

ಓವರ್‌ಡೋಸ್ ಎಂದರೆ ಒಂದೇ ಸಲಕ್ಕೆ ಹೆಚ್ಚು ಮಾತ್ರೆ ನುಂಗುವುದಷ್ಟೇ ಅಲ್ಲ. ಹಲ್ಲುನೋವು ತಡೆಯಲಾರದೆ ಎರಡು ಮೂರು ದಿನ ಗಂಟೆಗೊಂದರಂತೆ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ಜ್ವರಕ್ಕೆ ಒಂದು, ಶೀತಕ್ಕೆ ಇನ್ನೊಂದು, ಬೆನ್ನುನೋವಿಗೆ ಮತ್ತೊಂದು ಮಾತ್ರೆ ನುಂಗಿದಾಗ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಶೀತದ ಎಷ್ಟೋ ಮಾತ್ರೆಗಳಲ್ಲಿ, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಟ್ರಮಡಾಲ್ ಜೊತೆ ಬರುವ ನೋವಿನ ಮಾತ್ರೆಗಳಲ್ಲಿ ಇದು ಸೇರಿರುತ್ತದೆ.

ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ ಗರಿಷ್ಠ ಮಿತಿ 4 ಗ್ರಾಂ. 650 ಮಿಲಿಗ್ರಾಂ ಮಾತ್ರೆ ದಿನಕ್ಕೆ ಆರಾದರೆ ಈ ಮಿತಿಯ ಅಂಚು ಮುಟ್ಟಿದಂತೆಯೇ. ದಿನವೂ ಮದ್ಯ ಸೇವಿಸುವವರು, ಊಟ ಬಿಟ್ಟು ನಿತ್ರಾಣರಾದವರು, ತೂಕ ತೀರಾ ಕಡಿಮೆ ಇರುವವರು, ಯಕೃತ್ತಿನ ಕಾಯಿಲೆ ಇರುವವರು ಅಷ್ಟು ತೆಗೆದುಕೊಳ್ಳುವುದೂ ಸುರಕ್ಷಿತವಲ್ಲ. ಮೂರ್ಛೆರೋಗ ಮತ್ತು ಕ್ಷಯಕ್ಕೆ ಕೊಡುವ ಕೆಲವು ಔಷಧಿಗಳೂ ಅಪಾಯ ಹೆಚ್ಚಿಸುತ್ತವೆ. ಮಕ್ಕಳಿಗೆ ತೂಕ ನೋಡಿಯೇ ಪ್ರಮಾಣ ನಿರ್ಧರಿಸಬೇಕು. ಹಸುಗೂಸುಗಳ ಡ್ರಾಪ್ಸ್ ಸಿರಪ್‌ಗಿಂತ ಗಾಢವಾಗಿರುವುದರಿಂದ ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಡಬಾರದು.

ನಾಲ್ಕು ದಿನಗಳ ಕಥೆ

ಮೊದಲ 24 ಗಂಟೆ: ವಾಕರಿಕೆ, ವಾಂತಿ, ಸುಸ್ತು ಕಾಣಬಹುದು. ಏನೂ ಕಾಣದೆಯೂ ಇರಬಹುದು.

ಎರಡು, ಮೂರನೇ ದಿನ: ವಾಂತಿ ನಿಂತು ಹುಷಾರಾದಂತೆ ಅನಿಸಬಹುದು. ಒಳಗೆ ಮಾತ್ರ ಹಾನಿ ಮುಂದುವರಿದಿರುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಏರಿರುತ್ತವೆ.

ಮೂರರಿಂದ ನಾಲ್ಕನೇ ದಿನ: ಇದು ಅತ್ಯಂತ ಅಪಾಯದ ಘಟ್ಟ. ಕಾಮಾಲೆ, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು, ಗೊಂದಲದ ಮಾತು, ಪ್ರಜ್ಞೆ ತಪ್ಪುವುದು ಯಕೃತ್ತು ಸೋಲುತ್ತಿರುವುದರ ಲಕ್ಷಣಗಳು.

ಆನಂತರ: ಈ ಘಟ್ಟ ದಾಟಿದವರಲ್ಲಿ ಯಕೃತ್ತು ದಿನಗಳಿಂದ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಕೂಡಲೇ ಏನು ಮಾಡಬೇಕು?

ಲಕ್ಷಣಗಳಿಗಾಗಿ ಕಾಯಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ತುರ್ತು ವಿಭಾಗವಿರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ಖಾಲಿ ಸ್ಟ್ರಿಪ್, ಬಾಟಲಿಗಳನ್ನು ಜೊತೆಗೆ ಒಯ್ಯಿರಿ. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ, ಮದ್ಯ ಅಥವಾ ಬೇರೆ ಔಷಧಿ ಸೇರಿತ್ತೇ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮಾತ್ರೆ ನುಂಗಿ ಸ್ವಲ್ಪ ಹೊತ್ತಾಗಿದ್ದರೆ ಆಸ್ಪತ್ರೆಯಲ್ಲಿ ಸಕ್ರಿಯ ಇದ್ದಿಲಿನ ಪುಡಿ ಕೊಡಬಹುದು. ಒಂದೇ ಸಲ ನುಂಗಿದ್ದರೆ ನಾಲ್ಕು ಗಂಟೆಯ ನಂತರ ರಕ್ತದಲ್ಲಿ ಔಷಧಿಯ ಮಟ್ಟ ಅಳೆದು ಚಿಕಿತ್ಸೆ ನಿರ್ಧರಿಸುತ್ತಾರೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಖಾಲಿಯಾದ ಗ್ಲುಟಾಥಯೋನ್ ಅನ್ನು ಅದು ಮತ್ತೆ ತುಂಬಿಸುತ್ತದೆ. ಎಂಟು ಗಂಟೆಯೊಳಗೆ ಶುರುವಾದರೆ ಯಕೃತ್ತಿಗೆ ಗಂಭೀರ ಹಾನಿಯಾಗುವ ಸಂಭವ ತೀರಾ ಕಡಿಮೆ. ತಡವಾಗಿ ಬಂದವರಿಗೂ ಇದರಿಂದ ಪ್ರಯೋಜನವಿದೆ, ಆದ್ದರಿಂದ ಹೊತ್ತು ಮೀರಿತೆಂದು ಮನೆಯಲ್ಲೇ ಉಳಿಯಬಾರದು. ಡ್ರಿಪ್ ಮೂಲಕ ಸುಮಾರು ಒಂದು ದಿನ, ಅಗತ್ಯವಿದ್ದರೆ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ಯಕೃತ್ತು ಪೂರ್ತಿ ಕೈಕೊಟ್ಟರೆ ಕಸಿಯೇ ಕೊನೆಯ ದಾರಿ.

ಬೇರೆ ನೋವಿನ ಮಾತ್ರೆಗಳು ಬೇರೆ ರೀತಿ ಕಾಡುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಅತಿಯಾದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಬರಬಹುದು. ಟ್ರಮಡಾಲ್ ಅತಿಯಾದರೆ ಮಂಪರು, ಸೆಳೆತ ಕಾಣಿಸಬಹುದು, ಉಸಿರಾಟವೇ ಕುಗ್ಗಬಹುದು. ಅಂಥವರನ್ನು ಮಲಗಿ ಸುಧಾರಿಸಿಕೊಳ್ಳಲಿ ಎಂದು ಒಬ್ಬರನ್ನೇ ಬಿಡಬಾರದು.

ಚೇತರಿಕೆಯ ದಿನಗಳು

ಯಕೃತ್ತು ತನ್ನನ್ನು ತಾನೇ ಮತ್ತೆ ಬೆಳೆಸಿಕೊಳ್ಳಬಲ್ಲ ಅಂಗ. ಬದುಕುಳಿದವರಲ್ಲಿ ಹೆಚ್ಚಿನವರಿಗೆ ಶಾಶ್ವತ ಹಾನಿ ಉಳಿಯುವುದಿಲ್ಲ. ಆದರೂ ವೈದ್ಯರು ಹೇಳಿದ ದಿನಗಳಂದು ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ತಪ್ಪಿಸಬಾರದು. ಅಲ್ಲಿಯವರೆಗೆ ಮದ್ಯ ಬೇಡ, ಕೇಳದೆ ಯಾವ ನೋವಿನ ಮಾತ್ರೆ, ನಾಟಿ ಔಷಧಿಯೂ ಬೇಡ. ಕಣ್ಣು ಹಳದಿಯಾದರೆ, ಮತ್ತೆ ವಾಂತಿ ಅಥವಾ ಗೊಂದಲ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮನಸ್ಸಿನ ನೋವಿನಿಂದ ಮಾತ್ರೆ ನುಂಗಿದ್ದರೆ ದೇಹ ಸರಿಹೋದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಮನೆಗೆ ಕಳುಹಿಸುವ ಮುನ್ನ ಮನೋವೈದ್ಯರ ಭೇಟಿ ಆಗಬೇಕು. ಕೇಸಾದೀತು ಎಂಬ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಪರಿಗಣಿಸುತ್ತದೆ, ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಮನೆಯವರು ಬೈಯದೆ, ಕೆದಕದೆ ಜೊತೆಗಿರಬೇಕು. ಮನೆಯಲ್ಲಿರುವ ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಬೇಕು.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇದರ ಸೇವೆ ಲಭ್ಯವಿದೆ. ಮುಂಬೈ, ಪುಣೆ, ದೆಹಲಿಯಂಥ ಊರುಗಳಲ್ಲಿ ಮನದ ನೋವನ್ನು ಸ್ವಂತ ಭಾಷೆಯಲ್ಲಿ ಹೇಳಿಕೊಳ್ಳಲು ಯಾರೂ ಸಿಗದವರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.